ಟಿಬಿ ಮಾತ್ರೆ ನುಂಗುವವರ ಕಣ್ಣಿನ ತಪಾಸಣೆ: ಮುಂಬೈ ಆಸ್ಪತ್ರೆಗಳಲ್ಲಿ ಅದು ನಡೆಯುವ ಬಗೆ

ಟಿಬಿಗೆಂದು ಸರ್ಕಾರ ಪುಕ್ಕಟೆ ಕೊಡುವ ಮೊದಲ ಎರಡು ತಿಂಗಳ ಮಾತ್ರೆ ನೋಡಲು ಒಂದು, ಒಳಗೆ ಔಷಧಿ ನಾಲ್ಕು: ಐಸೋನಿಯಾಜಿಡ್ 75 ಮಿಲಿಗ್ರಾಂ, ರಿಫಾಂಪಿಸಿನ್ 150, ಪೈರಾಜಿನಮೈಡ್ 400, ಇಥಾಂಬ್ಯುಟಾಲ್ 275. ಆಮೇಲಿನ ನಾಲ್ಕು ತಿಂಗಳ ಮಾತ್ರೆಯಲ್ಲಿ ಪೈರಾಜಿನಮೈಡ್ ಇರುವುದಿಲ್ಲ, ಉಳಿದ ಮೂರೂ ಇರುತ್ತವೆ. ಕಣ್ಣಿನ ಮಟ್ಟಿಗೆ ಹೆಚ್ಚು ನಿಗಾ ಬೇಕಾದದ್ದು ಇಥಾಂಬ್ಯುಟಾಲ್ ಮೇಲೆ. ಕಣ್ಣಿನಿಂದ ಮಿದುಳಿಗೆ ಹೋಗುವ ದೃಷ್ಟಿನರವನ್ನು ಅದು ಕೆಲವರಲ್ಲಿ ಕೆಡಿಸುತ್ತದೆ. ಕಣ್ಣು ನೋಯುವುದಿಲ್ಲ, ಕೆಂಪಾಗುವುದಿಲ್ಲ, ನೀರೂ ಸುರಿಯುವುದಿಲ್ಲ. ಎರಡೂ ಕಣ್ಣಿನಲ್ಲಿ ಒಟ್ಟಿಗೆ, ನಿಧಾನವಾಗಿ, ನಟ್ಟನಡುವಿನ ನೋಟ ಮಸುಕಾಗುತ್ತಾ ಹೋಗುತ್ತದೆ.

ನಾವು ಮುಂಬೈಯಲ್ಲಿ ಟಿಬಿ ಚಿಕಿತ್ಸೆಯಲ್ಲಿರುವ ಕನ್ನಡದವರ ಜೊತೆ ಹೆಲ್ತ್ ಪೋಸ್ಟ್‌ನಿಂದ ಕಣ್ಣಿನ ಒಪಿಡಿವರೆಗೆ ಓಡಾಡುವವರು. ಹೋಟೆಲ್ ಕೆಲಸಕ್ಕೆ ಬಂದ ಕುಂದಾಪುರ, ಬೈಂದೂರಿನವರು, ಕಟ್ಟಡ ಕೆಲಸದ ಕಲಬುರಗಿ, ಯಾದಗಿರಿಯವರು, ಡೊಂಬಿವಲಿ, ಭಾಂಡುಪ್ ಕಡೆ ನೆಲೆನಿಂತ ಸಂಸಾರಸ್ಥರು, ಹೀಗೆ ಎಲ್ಲ ಬಗೆಯವರೂ ಇದ್ದಾರೆ. ಪರೇಲಿನ ಕೆಇಎಂ, ಸಯನ್, ನಾಯರ್, ಭಾಯಖಳಾದ ಜೆಜೆ, ಇವುಗಳಲ್ಲಿ ಎಲ್ಲಿಗೆ ಹೋದರೂ ತಪಾಸಣೆಯ ಕ್ರಮ ಹೆಚ್ಚುಕಡಿಮೆ ಒಂದೇ. ಆ ಕ್ರಮ ಯಾವುದು, ಎಲ್ಲಿ ಎಡವಟ್ಟಾಗುತ್ತದೆ ಎಂಬುದನ್ನು ಇಲ್ಲಿ ಬರೆದಿದ್ದೇವೆ.

ಮೊದಲೇ ಒಂದು ಮಾತು. ಇದನ್ನು ಓದಿ ಹೆದರಿ ಯಾರೂ ಟಿಬಿ ಮಾತ್ರೆ ನಿಲ್ಲಿಸಬಾರದು. ಅರ್ಧಕ್ಕೆ ಬಿಟ್ಟ ಟಿಬಿ ಜೀವ ತೆಗೆಯುತ್ತದೆ, ಮನೆಯವರಿಗೂ ಹರಡುತ್ತದೆ, ಮಾತ್ರೆಗೆ ಬಗ್ಗದ ಟಿಬಿಯಾಗಿ ತಿರುಗುತ್ತದೆ. ಕಣ್ಣಿಗೆ ತೊಂದರೆಯಾಗುವುದು ಕೆಲವೇ ಜನಕ್ಕೆ. ಆದರೆ ಅದನ್ನು ಬೇಗ ಹಿಡಿದರೆ ಬಹಳಷ್ಟು ಸಲ ಉಳಿಸಿಕೊಳ್ಳಬಹುದು, ತಡವಾದರೆ ಆಗುವುದಿಲ್ಲ. ಅದಕ್ಕಾಗಿ ಇಷ್ಟು ಬರೆಯಬೇಕಾಯಿತು.

ತೂಕದಿಂದ ಶುರುಮಾಡೋಣ, ಏಕೆಂದರೆ ಅಪಾಯ ನಿಂತಿರುವುದೇ ಪ್ರಮಾಣದ ಮೇಲೆ. ವೈದ್ಯಕೀಯ ಪುಸ್ತಕಗಳ ಲೆಕ್ಕದಲ್ಲಿ, ದಿನಕ್ಕೆ ಕಿಲೋಗೆ 15 ಮಿಲಿಗ್ರಾಂ ಇಥಾಂಬ್ಯುಟಾಲ್ ಹೋದರೆ ನೂರಕ್ಕೆ ಒಬ್ಬರಿಗೂ ತೊಂದರೆ ಆಗದು. 25 ಮಿಲಿಗ್ರಾಂ ಆದರೆ ಐದಾರು ಜನಕ್ಕೆ. 35 ದಾಟಿದರೆ ಹದಿನೆಂಟು ಜನಕ್ಕೆ. ನಮ್ಮ ಸರ್ಕಾರಿ ಪದ್ಧತಿಯಲ್ಲಿ ಮಾತ್ರೆಯ ಸಂಖ್ಯೆ ತೂಕದ ಪಟ್ಟಿಯ ಪ್ರಕಾರ: 25ರಿಂದ 34 ಕಿಲೋಗೆ ಎರಡು, 35ರಿಂದ 49ಕ್ಕೆ ಮೂರು, 50ರಿಂದ 64ಕ್ಕೆ ನಾಲ್ಕು, 65ರಿಂದ 75ಕ್ಕೆ ಐದು, ಅದರ ಮೇಲೆ ಆರು. ಈಗ ಗುಣಿಸಿ ನೋಡಿ. 49 ಕಿಲೋದವರಿಗೆ ಮೂರು ಮಾತ್ರೆ, ಅಂದರೆ 825 ಮಿಲಿಗ್ರಾಂ, ಕಿಲೋಗೆ 17ರ ಒಳಗೆ. 50 ಕಿಲೋದವರಿಗೆ ನಾಲ್ಕು ಮಾತ್ರೆ, 1100 ಮಿಲಿಗ್ರಾಂ, ಕಿಲೋಗೆ 22. ಒಂದು ಕಿಲೋ ವ್ಯತ್ಯಾಸಕ್ಕೆ ಇಷ್ಟು ಏರುತ್ತದೆ. 35 ಕಿಲೋದವರಿಗೆ ಮೂರು ಮಾತ್ರೆ ಎಂದರೆ ಕಿಲೋಗೆ ಇಪ್ಪತ್ಮೂರೂವರೆ ದಾಟುತ್ತದೆ. ಇವು ಸರ್ಕಾರಿ ಪಟ್ಟಿಯ ಪ್ರಕಾರದ ಪ್ರಮಾಣಗಳೇ, ತಪ್ಪೇನಿಲ್ಲ. ಆದರೆ ಪಟ್ಟಿಯ ಕೆಳಅಂಚಿನಲ್ಲಿರುವವರ ಕಣ್ಣಿಗೆ ಹೆಚ್ಚು ನಿಗಾ ಬೇಕು ಎಂಬುದು ಇದರಿಂದ ತಿಳಿಯುತ್ತದೆ. ತೂಕ ನೋಡುವಾಗ ಬೂಟು, ಜೇಬಿನ ಮೊಬೈಲು, ಹೆಗಲ ಚೀಲ ಎಲ್ಲ ತೆಗೆದಿಟ್ಟು ನಿಲ್ಲಿಸಿ. ಗದ್ದಲದಲ್ಲಿ ಚೀಲ ಸಮೇತ ನಿಂತು 50 ತೋರಿಸಿಬಿಟ್ಟರೆ ಒಂದು ಮಾತ್ರೆ ಹೆಚ್ಚಾಗುತ್ತದೆ.

ಎರಡನೆಯದು ಕಿಡ್ನಿ. ಇಥಾಂಬ್ಯುಟಾಲ್ ಬಹುಪಾಲು ಮೂತ್ರದಲ್ಲೇ ಹೊರಹೋಗುತ್ತದೆ. ಕಿಡ್ನಿ ಸೋತಿದ್ದರೆ ಅದೇ ಮಾತ್ರೆ ರಕ್ತದಲ್ಲಿ ಕೂತುಕೊಂಡು ಪ್ರಮಾಣ ಏರುತ್ತದೆ. ಆದ್ದರಿಂದ ಶುರುವಿಗೆ ಒಂದು ಕ್ರಿಯಾಟಿನಿನ್ ರಕ್ತಪರೀಕ್ಷೆ ಆಗಲೇಬೇಕು. ಸಕ್ಕರೆ ಕಾಯಿಲೆಯವರು, ಬಿಪಿ ಇರುವವರು, ಅರವತ್ತು ದಾಟಿದವರು ಇದನ್ನು ಕೇಳಿ ಮಾಡಿಸಿಕೊಳ್ಳಿ. ಕಿಡ್ನಿ ತೀರಾ ದುರ್ಬಲವಾಗಿದ್ದರೆ ವೈದ್ಯರು ಇಥಾಂಬ್ಯುಟಾಲ್ ಅನ್ನು ವಾರಕ್ಕೆ ಮೂರೇ ದಿನ ಕೊಡುತ್ತಾರೆ. ಕುಡಿತ, ತಂಬಾಕು, ಬಿ12 ಕೊರತೆ ಕೂಡ ಇದೇ ನರವನ್ನು ಇದೇ ರೀತಿಯಲ್ಲಿ ಸೊರಗಿಸುತ್ತವೆ. ಮಹಾರಾಷ್ಟ್ರದಲ್ಲಿ ಗುಟ್ಕಾ 2012ರಿಂದ ನಿಷೇಧದಲ್ಲಿದೆ, ಆದರೆ ಬಾಯಲ್ಲಿ ತಂಬಾಕು ಇಟ್ಟುಕೊಂಡೇ ಒಪಿಡಿಗೆ ಬರುವವರು ಇದ್ದಾರೆ. ವೈದ್ಯರ ಎದುರು ಇದನ್ನು ಮುಚ್ಚಿಡಬೇಡಿ.

ಅವಧಿಯ ವಿಷಯವೂ ಮುಖ್ಯ. ಹಿಂದೆ ವಾರಕ್ಕೆ ಮೂರು ದಿನದ ಪದ್ಧತಿ ಇದ್ದಾಗ ಹೊಸ ರೋಗಿಗಳಿಗೆ ಇಥಾಂಬ್ಯುಟಾಲ್ ಮೊದಲ ಹಂತದಲ್ಲಿ ಮಾತ್ರ ಇತ್ತು. 2017ರಲ್ಲಿ ದೇಶದಾದ್ಯಂತ ದಿನಾ ಮಾತ್ರೆಯ ಪದ್ಧತಿ ಬಂದ ಮೇಲೆ ಅದು ಆರು ತಿಂಗಳೂ ಮುಂದುವರಿಯುತ್ತದೆ. ಕಣ್ಣಿನ ತೊಂದರೆ ಸಾಮಾನ್ಯವಾಗಿ ಎರಡನೇ ತಿಂಗಳಿಗಿಂತ ಮೊದಲು ಕಾಣುವುದಿಲ್ಲ, ಮೂರನೆಯದರಿಂದ ಮುಂದೆ ಕಾಣುತ್ತದೆ. ಕೆಮ್ಮು ನಿಂತು, ತೂಕ ಏರಿ, "ಆರಾಮಾದೆ" ಎನಿಸಿ ಆಸ್ಪತ್ರೆಯ ನೆನಪು ಬಿಡುವ ಹೊತ್ತೂ ಅದೇ. ಅದಕ್ಕೇ ತಪಾಸಣೆಯ ದಿನಗಳನ್ನು ಮೊದಲೇ ಗುರುತು ಹಾಕಿಡಬೇಕು.

ಎಲ್ಲಕ್ಕಿಂತ ಮುಖ್ಯ ಮೊದಲ ತಪಾಸಣೆ. ಮಾತ್ರೆ ಶುರುವಾಗುವ ಮೊದಲು, ಆಗದಿದ್ದರೆ ಮೊದಲ ವಾರದೊಳಗೆ, ಕಣ್ಣಿನ ಶಕ್ತಿ ಎಷ್ಟಿತ್ತು ಎಂಬುದು ಕಾಗದದ ಮೇಲೆ ಬರಬೇಕು. ಗಂಡಸರಲ್ಲಿ ನೂರಕ್ಕೆ ಸುಮಾರು ಎಂಟು ಜನಕ್ಕೆ ಹುಟ್ಟಿನಿಂದಲೇ ಕೆಂಪು-ಹಸಿರು ಸರಿಯಾಗಿ ಬೇರ್ಪಡುವುದಿಲ್ಲ, ಎಷ್ಟೋ ಜನಕ್ಕೆ ಅದು ಗೊತ್ತೇ ಇರುವುದಿಲ್ಲ. ಮೊದಲ ಲೆಕ್ಕ ಇಲ್ಲದಿದ್ದರೆ, ನಾಲ್ಕನೇ ತಿಂಗಳಲ್ಲಿ ಬಣ್ಣ ತಪ್ಪಿ ಹೇಳಿದಾಗ ಅದು ಹುಟ್ಟಿನದೋ ಮಾತ್ರೆಯದೋ ತೀರ್ಮಾನಿಸಲು ದಾರಿಯೇ ಉಳಿಯುವುದಿಲ್ಲ. ಟಿಬಿ ಕೇಂದ್ರದಲ್ಲಿ ತಾನಾಗಿ ಕಳಿಸದಿದ್ದರೆ ಕಣ್ಣಿನ ಒಪಿಡಿಗೆ ಚೀಟಿ ಕೇಳಿ ಪಡೆಯಿರಿ.

ಒಪಿಡಿ ಬೆಳಗಿನದು. ಕೇಸ್ ಪೇಪರ್ ಮಾಡಿಸುವ ಸಾಲು ಬೇರೆ, ಕಣ್ಣಿನ ವಿಭಾಗದ ಸಾಲು ಬೇರೆ. ಟಿಬಿ ಇರುವವರು ಮಾಸ್ಕ್ ಹಾಕಿಕೊಂಡೇ ನಿಲ್ಲಬೇಕು. ಒಳಗೆ ಕೂತ ತಕ್ಷಣ ಹೇಳಬೇಕಾದ ಮೊದಲ ಮಾತು ಔಷಧಿಯ ಹೆಸರು. "ಧುಂಧಲಾ ದಿಖತಾ ಹೈ" (ಮಸುಕಾಗಿ ಕಾಣುತ್ತದೆ) ಎಂದು ಶುರುಮಾಡಿದರೆ ನೇರ ಚಷ್ಮಾ ನಂಬರಿನ ಕೋಣೆಗೆ ಕಳಿಸುತ್ತಾರೆ, ಅದು ಅವರ ತಪ್ಪಲ್ಲ, ದಿನಾ ಬರುವ ದೂರು ಅದೇ. "ಟಿಬಿ ಕಾ ದವಾ ಚಾಲೂ ಹೈ, ಇಥಾಂಬ್ಯುಟಾಲ್" (ಟಿಬಿ ಔಷಧಿ ನಡೆಯುತ್ತಿದೆ, ಇಥಾಂಬ್ಯುಟಾಲ್) ಎಂದು ಹೇಳಿ, ಟಿಬಿ ಕಾರ್ಡು, ಮಾತ್ರೆಯ ಹಾಳೆ ಎರಡನ್ನೂ ಮೇಜಿನ ಮೇಲಿಡಿ. ಆಗ ಪರೀಕ್ಷೆಯ ದಿಕ್ಕೇ ಬದಲಾಗುತ್ತದೆ.

ಮೊದಲು ಗೋಡೆಯ ಚಾರ್ಟು. ಆರು ಮೀಟರ್ ದೂರದಿಂದ, ಅಥವಾ ಕೋಣೆ ಚಿಕ್ಕದಾದರೆ ಕನ್ನಡಿಯಲ್ಲಿ, ಒಂದೊಂದೇ ಕಣ್ಣಿನಲ್ಲಿ ಓದಿಸುತ್ತಾರೆ. ಇಲ್ಲಿ ನಮ್ಮವರಿಗೆ ಒಂದು ತೊಡಕಿದೆ. ಚಾರ್ಟು ದೇವನಾಗರಿಯದೋ ಇಂಗ್ಲಿಷಿನದೋ ಆಗಿರುತ್ತದೆ. ಕನ್ನಡ ಶಾಲೆಗಷ್ಟೇ ಹೋದವರು, ಶಾಲೆಯನ್ನೇ ಕಾಣದವರು ಅಕ್ಷರ ಗೊತ್ತಾಗದೆ ಸುಮ್ಮನಾಗುತ್ತಾರೆ, ಕಾಗದದ ಮೇಲೆ ಕಣ್ಣೇ ಮಂದವೆಂದು ಬಂದುಬಿಡುತ್ತದೆ. ಅಂಕಿಯ ಚಾರ್ಟು ಅಥವಾ ಇ ಚಾರ್ಟು ಕೇಳಿ. ಇ ಚಾರ್ಟಿನಲ್ಲಿ ಓದುವ ಕೆಲಸವಿಲ್ಲ, ಮೂರು ಕಡ್ಡಿ ಯಾವ ಕಡೆ ಚಾಚಿದೆ ಎಂದು ಕೈಯಲ್ಲಿ ತೋರಿಸಿದರಾಯಿತು. ಕನ್ನಡಕ ಇದ್ದವರು ಹಾಕಿಕೊಂಡೇ ಓದಬೇಕು. ಫಲಿತಾಂಶ 6/6, 6/9, 6/12 ಎಂದು ಬರೆಯುತ್ತಾರೆ. ಕೆಳಗಿನ ಅಂಕಿ ದೊಡ್ಡದಾದಷ್ಟೂ ನೋಟ ಕಡಿಮೆ.

ಕಡಿಮೆ ಬಂದರೆ ಸಣ್ಣ ತೂತಿನ ಕಪ್ಪು ತಟ್ಟೆಯನ್ನು ಕಣ್ಣಿನ ಮುಂದಿಟ್ಟು ಮತ್ತೆ ಓದಿಸುತ್ತಾರೆ, ಪಿನ್‌ಹೋಲ್ ಎನ್ನುತ್ತಾರೆ. ತೂತಿನಿಂದ ಸ್ಪಷ್ಟವಾದರೆ ಕನ್ನಡಕದ ನಂಬರಿನ ದೋಷ. ತೂತಿನಿಂದಲೂ ಸುಧಾರಿಸದಿದ್ದರೆ ತೊಂದರೆ ಕನ್ನಡಕದಿಂದ ಹೋಗುವಂಥದ್ದಲ್ಲ ಎಂದು ಅನುಮಾನ ಬರಬೇಕು. ಅರ್ಧ ನಿಮಿಷದ ಪರೀಕ್ಷೆ, ಆದರೂ ಸಾಲು ಉದ್ದವಿದ್ದಾಗ ಬಿಟ್ಟುಹೋಗುತ್ತದೆ. ಕೇಳಿ ಮಾಡಿಸಿಕೊಳ್ಳಿ.

ಆಮೇಲೆ ಬಣ್ಣದ ಪುಸ್ತಕ, ಇಶಿಹಾರಾ. ಬಣ್ಣಬಣ್ಣದ ಚುಕ್ಕಿಗಳ ನಡುವೆ ಅಂಕಿ ಅಡಗಿರುತ್ತದೆ. ಮೊದಲ ಹಾಳೆಯ 12 ಎಲ್ಲರಿಗೂ ಕಾಣುತ್ತದೆ, ಅದು ಪರೀಕ್ಷೆ ಅರ್ಥವಾಗಿದೆಯೇ ಎಂದು ತಿಳಿಯಲು ಮಾತ್ರ. ಸುಮಾರು 75 ಸೆಂಟಿಮೀಟರ್ ದೂರ, ಒಳ್ಳೆಯ ಹಗಲು ಬೆಳಕು, ಒಂದೊಂದು ಹಾಳೆಗೆ ಮೂರು ನಾಲ್ಕು ಸೆಕೆಂಡು, ಒಂದು ಕಣ್ಣು ಮುಚ್ಚಿ. ಅಂಕಿ ಬಾರದವರಿಗೆ ಗೆರೆಯ ಮೇಲೆ ಬೆರಳಾಡಿಸುವ ಹಾಳೆಗಳು ಅದೇ ಪುಸ್ತಕದ ಕೊನೆಯಲ್ಲಿವೆ. ಮೊಬೈಲಿನಲ್ಲಿ ಸಿಗುವ ಇಶಿಹಾರಾ ಚಿತ್ರಗಳನ್ನು ನಂಬಬೇಡಿ, ಪರದೆಯಿಂದ ಪರದೆಗೆ ಬಣ್ಣ ಬದಲಾಗುತ್ತದೆ. ಈ ಪುಸ್ತಕ ಕೆಂಪು-ಹಸಿರನ್ನಷ್ಟೇ ಹಿಡಿಯುತ್ತದೆ ಎಂಬುದೂ ನೆನಪಿರಲಿ. ಇಥಾಂಬ್ಯುಟಾಲ್ ಕೆಲವರಲ್ಲಿ ನೀಲಿ-ಹಳದಿಯನ್ನು ಮೊದಲು ಕೆಡಿಸುತ್ತದೆ.

ಕಣ್ಣಿಗೆ ಪಾಪೆ ಹಿಗ್ಗಿಸುವ ಹನಿ ಹಾಕುವುದು ಇಷ್ಟೆಲ್ಲ ಮುಗಿದ ಮೇಲೆ. ಮೊದಲೇ ಹನಿ ಹಾಕಿಸಿಕೊಂಡರೆ ಬಣ್ಣದ ಪರೀಕ್ಷೆಯೂ ಓದಿನ ಪರೀಕ್ಷೆಯೂ ಕೆಡುತ್ತವೆ. ಹನಿ ಬಿದ್ದ ಮೇಲೆ ನಾಲ್ಕೈದು ಗಂಟೆ ಹತ್ತಿರದ್ದು ಮಸುಕು, ಬಿಸಿಲು ಚುಚ್ಚುತ್ತದೆ. ಗಾಡಿ ಓಡಿಸುವಂತಿಲ್ಲ, ಒಬ್ಬರೇ ಲೋಕಲ್ ಹತ್ತುವುದೂ ಬೇಡ.

ಇನ್ನು ಎಲ್ಲರೂ ಮೋಸ ಹೋಗುವ ಜಾಗಕ್ಕೆ ಬಂದೆವು. ಹನಿ ಹಾಕಿ ಕಣ್ಣಿನ ಹಿಂಭಾಗ ನೋಡಿದಾಗ, ಇಥಾಂಬ್ಯುಟಾಲ್ ತೊಂದರೆ ಶುರುವಾದ ಹೊಸತರಲ್ಲಿ, ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಪೆಟ್ಟು ಬಿದ್ದಿರುವುದು ನರದ ಹಿಂದಿನ ಭಾಗಕ್ಕೆ, ಕಣ್ಣಿನೊಳಗೆ ಕಾಣುವ ನರದ ತುದಿ ಬಿಳಿಚಿಕೊಳ್ಳಲು ತಿಂಗಳುಗಳೇ ಹಿಡಿಯುತ್ತವೆ. "ಫಂಡಸ್ ನಾರ್ಮಲ್", ಅಂದರೆ ಕಣ್ಣಿನ ಹಿಂಭಾಗ ಸರಿಯಿದೆ, ಎಂದು ಬರೆದ ಕಾಗದ ಹಿಡಿದು ಸಮಾಧಾನದಿಂದ ಮನೆಗೆ ಹೋಗಿ, ಅದೇ ಮಾತ್ರೆ ಇನ್ನೊಂದು ತಿಂಗಳು ನುಂಗಿದವರನ್ನು ನಾವು ಕಂಡಿದ್ದೇವೆ. ರೋಗಿಗೆ ಕಾಣುತ್ತಿಲ್ಲ, ವೈದ್ಯರಿಗೆ ಒಳಗೆ ಏನೂ ಕಾಣುತ್ತಿಲ್ಲ ಎಂದರೆ ಅದೇ ಈ ತೊಂದರೆಯ ಗುರುತು. ಆಗ ನೋಟದ ಹರವನ್ನು ಅಳೆಯುವ ಫೀಲ್ಡ್ ಟೆಸ್ಟ್, ಕಣ್ಣಿನ ಹಿಂಪದರದ ದಪ್ಪ ನೋಡುವ ಓಸಿಟಿ ಸ್ಕ್ಯಾನ್, ಬೇಕಾದರೆ ಕಣ್ಣಿನ ಸಂಕೇತ ಮಿದುಳಿಗೆ ತಲುಪುವುದನ್ನು ಅಳೆಯುವ ವಿಇಪಿ ಎಂಬ ಪರೀಕ್ಷೆಗಳು ಬೇಕಾಗುತ್ತವೆ.

ಫೀಲ್ಡ್ ಟೆಸ್ಟಿಗೆ ಮುನ್ನ ಕನ್ನಡದಲ್ಲಿ ಎರಡು ನಿಮಿಷ ಕೂತು ಹೇಳಿಕೊಟ್ಟರೆ ಫಲಿತಾಂಶವೇ ಬೇರೆ. ಬಿಳಿ ಬೋಗುಣಿಯೊಳಗೆ ಗಲ್ಲ, ಹಣೆ ಊರಿ ಕೂರಬೇಕು. ಒಂದು ಕಣ್ಣಿಗೆ ಪಟ್ಟಿ. ನಡುವೆ ಹಳದಿ ದೀಪ, ಅದರಿಂದ ನೋಟ ಕದಲಿಸಬಾರದು. ಸುತ್ತ ಅಲ್ಲಲ್ಲಿ ಬೆಳಕಿನ ಚುಕ್ಕಿ ಮಿಣುಕುತ್ತದೆ, ಕಂಡಾಗ ಕೈಯಲ್ಲಿರುವ ಗುಂಡಿ ಒತ್ತಬೇಕು. ನಾವು ಹೇಳುವುದು ಹೀಗೆ: "ಅಣ್ಣಾ, ಚುಕ್ಕೀನ ಹುಡುಕೋಕೆ ಹೋಗಬೇಡಿ, ಅದೇ ಬರುತ್ತೆ. ಎಲ್ಲಾ ಚುಕ್ಕಿ ಕಾಣಬೇಕು ಅಂತಿಲ್ಲ, ತೀರಾ ಮಂದ ಇರೋದನ್ನೂ ಬೇಕಂತಲೇ ಹಾಕ್ತಾರೆ. ಕಂಡರೆ ಮಾತ್ರ ಒತ್ತಿ." ಇದು ತಿಳಿಯದವರು ಗಾಬರಿಯಾಗಿ ಸುಮ್ಮಸುಮ್ಮನೆ ಒತ್ತುತ್ತಾರೆ, ಇಲ್ಲವೇ ಕಣ್ಣು ಆಡಿಸುತ್ತಾರೆ. ವರದಿಯ ಮೇಲ್ಭಾಗದಲ್ಲಿ ಅಂಥ ತಪ್ಪುಗಳ ಲೆಕ್ಕ ಇರುತ್ತದೆ, ಹೆಚ್ಚಿದ್ದರೆ ವರದಿ ಉಪಯೋಗಕ್ಕೆ ಬಾರದು, ಇನ್ನೊಂದು ದಿನ ಮಾಡಿಸಬೇಕು. ನಡುವೆ ಆಯಾಸವಾದರೆ ಗುಂಡಿಯನ್ನು ಒತ್ತಿಯೇ ಹಿಡಿದರೆ ಯಂತ್ರ ನಿಲ್ಲುತ್ತದೆ. ಇಥಾಂಬ್ಯುಟಾಲ್‌ನಲ್ಲಿ ಸಾಮಾನ್ಯವಾಗಿ ಕಪ್ಪು ಮಚ್ಚೆ ನಡುಮಧ್ಯದಲ್ಲಿ ಬರುತ್ತದೆ, ಕೆಲವರಲ್ಲಿ ಎರಡೂ ಕಣ್ಣಿನ ಹೊರಬದಿಯ ಅರ್ಧ ಹೋಗುತ್ತದೆ.

ಹೊರಡುವ ಮುಂಚೆ ಕೇಸ್ ಪೇಪರಿನಲ್ಲಿ ಬಲಗಣ್ಣು, ಎಡಗಣ್ಣಿನ ಅಂಕಿ ಬೇರೆಬೇರೆ, ಬಣ್ಣದ ಹಾಳೆ ಎಷ್ಟರಲ್ಲಿ ಎಷ್ಟು ಸರಿ, ತಾರೀಖು, ತೂಕ ಇಷ್ಟೂ ಬರೆಸಿಕೊಳ್ಳಿ, ಫೋನಿನಲ್ಲಿ ಫೋಟೋ ತೆಗೆದಿಡಿ.

ಆಮೇಲೆ ತಿಂಗಳಿಗೊಮ್ಮೆ ಮಾತ್ರೆ ತರಲು ಹೋದಾಗ ಕಣ್ಣಿನ ವಿಷಯ ಎತ್ತಬೇಕು, ಮನೆಯಲ್ಲಿ ವಾರಕ್ಕೊಮ್ಮೆ ತಾವೇ ನೋಡಿಕೊಳ್ಳಬೇಕು. ಒಂದೇ ಜಾಗ, ಒಂದೇ ಬೆಳಕು, ಒಂದೇ ದೂರ. ಪೇಪರಿನ ಒಂದು ಸಣ್ಣಕ್ಷರದ ಸುದ್ದಿ ಹಿಡಿದು, ಅಂಗೈಯಿಂದ ಒಂದು ಕಣ್ಣು ಮುಚ್ಚಿ ಓದಿ, ಆಮೇಲೆ ಇನ್ನೊಂದು. ಬಣ್ಣಕ್ಕೆ ನೀರಿನ ಬಾಟಲಿಯ ಕೆಂಪು ಮುಚ್ಚಳ ಸಾಕು. ಎರಡು ಕಣ್ಣುಗಳ ನಡುವೆ ಹೋಲಿಸಿದರೆ ಸಾಲದು, ಏಕೆಂದರೆ ಇಲ್ಲಿ ಎರಡೂ ಒಂದೇ ಸಮ ಮಂಕಾಗುತ್ತವೆ. ಮುಚ್ಚಳವನ್ನು ನೇರ ಎದುರಿಗೆ ಹಿಡಿದು ನೋಡಿ, ಮತ್ತೆ ನೋಟ ಕದಲಿಸದೆ ಅದನ್ನು ಒಂದು ಪಕ್ಕಕ್ಕೆ ಸರಿಸಿ. ಪಕ್ಕದಲ್ಲಿ ಕೆಂಪು, ನಡುವೆ ತಂದಾಗ ಕಂದು ಅಥವಾ ಮಾಸಿದ ಹಾಗೆ ಕಂಡರೆ ತಡಮಾಡಬೇಡಿ.

ಜನ ಇದನ್ನು ಹೇಳಿಕೊಳ್ಳುವ ರೀತಿ ಬೇರೆ ಬೇರೆ. "ಪೇಪರ್ ನಡುವಿನ ಅಕ್ಷರ ಅಳಿಸಿಧಂಗ ಕಾಣತಾವ್ರಿ" ಎನ್ನುತ್ತಾರೆ ಕಲಬುರಗಿ ಕಡೆಯವರು. ಹೋಟೆಲಿನವರು ಬಿಲ್ಲಿನ ಅಂಕಿ ತಪ್ಪುತ್ತಿದೆ, ನೋಟಿನ ಬಣ್ಣ ಗೊತ್ತಾಗುತ್ತಿಲ್ಲ ಎನ್ನುತ್ತಾರೆ. ಸ್ಟೇಷನ್ನಿನ ಇಂಡಿಕೇಟರ್ ಓದಲಾಗುವುದಿಲ್ಲ, ಎದುರು ಕೂತವರ ಮುಖ ಮಸುಕು. ಆದರೆ ಅಕ್ಕಪಕ್ಕದ ನೋಟ ಉಳಿದಿರುವುದರಿಂದ ಅವರು ಎಲ್ಲಿಯೂ ಮುಗ್ಗರಿಸದೆ ನಡೆಯುತ್ತಾರೆ, ಜೊತೆಯವರಿಗೆ ಅನುಮಾನವೇ ಬರುವುದಿಲ್ಲ. ಈ ಹೊತ್ತಿಗೆ ಕನ್ನಡಕದಂಗಡಿಗೆ ಹೋಗಿ ಹೊಸ ನಂಬರು ಮಾಡಿಸಿಕೊಂಡರೆ ಬೆಲೆಯುಳ್ಳ ದಿನಗಳು ಕೈತಪ್ಪುತ್ತವೆ.

ಅನುಮಾನ ಬಂದ ದಿನವೇ, ಆಗದಿದ್ದರೆ ಮರುದಿನ, ಟಿಬಿ ವೈದ್ಯರ ಬಳಿ ಹೋಗಿ. ಅವರು ಇಥಾಂಬ್ಯುಟಾಲ್ ಒಂದನ್ನು ನಿಲ್ಲಿಸುತ್ತಾರೆ, ಟಿಬಿ ಚಿಕಿತ್ಸೆ ನಿಲ್ಲುವುದಿಲ್ಲ. ತೊಡಕು ಬರುವುದು ಇಲ್ಲೇ. ನಾಲ್ಕೂ ಔಷಧಿ ಒಂದೇ ಮಾತ್ರೆಯಲ್ಲಿ ಬೆರೆತಿರುವಾಗ ಇಥಾಂಬ್ಯುಟಾಲ್ ಮಾತ್ರ ತೆಗೆಯಲು ಬರುವುದಿಲ್ಲ, ಉಳಿದವನ್ನು ಬಿಡಿಬಿಡಿಯಾಗಿ ತರಿಸಬೇಕು. ಕೇಂದ್ರದಲ್ಲಿ ಬಿಡಿ ಮಾತ್ರೆ ದಾಸ್ತಾನು ಇಲ್ಲದಿದ್ದರೆ "ಎರಡು ದಿನ ಬಿಟ್ಟು ಬನ್ನಿ" ಎನ್ನುವುದುಂಟು. ಖಾಲಿ ಕೈಯಲ್ಲಿ ಬರಬೇಡಿ. ಆ ನಡುವಿನ ದಿನಗಳಿಗೆ ಏನು ನುಂಗಬೇಕು ಎಂದು ವೈದ್ಯರಿಂದಲೇ ಬರೆಸಿಕೊಳ್ಳಿ. ಮಾತ್ರೆಯ ಸಂಖ್ಯೆ ತಾವಾಗಿ ಕಡಿಮೆ ಮಾಡುವುದಂತೂ ಸಲ್ಲದು, ರಿಫಾಂಪಿಸಿನ್ ಕೂಡ ಕಡಿಮೆಯಾಗಿ ಟಿಬಿ ಮತ್ತೆ ತಲೆಯೆತ್ತುತ್ತದೆ.

ನಿಲ್ಲಿಸಿದ ಮರುದಿನವೇ ನೋಟ ಮರಳುವುದಿಲ್ಲ. ಕೆಲವರಲ್ಲಿ ನಿಲ್ಲಿಸಿದ ಮೇಲೂ ಒಂದೆರಡು ತಿಂಗಳು ಇಳಿಯುತ್ತಲೇ ಹೋಗಿ, ಆಮೇಲೆ ನಿಧಾನಕ್ಕೆ ಏರುತ್ತದೆ. ಬಣ್ಣ ಮತ್ತು ಓದು ಮರಳಲು ತಿಂಗಳುಗಳು ಬೇಕು. ಎಲ್ಲರಿಗೂ ಪೂರ್ತಿ ಮರಳುವುದಿಲ್ಲ, ವಯಸ್ಸಾದವರಲ್ಲಿ ಮತ್ತು ತಡವಾಗಿ ಬಂದವರಲ್ಲಿ ಕೊರತೆ ಉಳಿಯುತ್ತದೆ. ನಾಲ್ಕಾರು ವಾರ ಕಳೆದರೂ ಸುಧಾರಣೆಯ ಸುಳಿವಿಲ್ಲದಿದ್ದರೆ ಐಸೋನಿಯಾಜಿಡ್ ಕೂಡ ಕಾರಣವೇ ಎಂದು ವೈದ್ಯರು ಯೋಚಿಸುತ್ತಾರೆ. ಟಿಬಿ ಮಾತ್ರೆಯ ಜೊತೆ ಕೊಡುವ ಬಿ6 ಮಾತ್ರೆ ಐಸೋನಿಯಾಜಿಡ್‌ನಿಂದಾಗುವ ನರದ ತೊಂದರೆಗೆ, ಇಥಾಂಬ್ಯುಟಾಲ್‌ನಿಂದ ಕಣ್ಣನ್ನು ಅದು ಕಾಯುವುದಿಲ್ಲ. "ಕಣ್ಣಿನ ನರದ ಟಾನಿಕ್" ಎಂದು ಮಾರುವುದಕ್ಕೆ ದುಡ್ಡು ಸುರಿಯಬೇಡಿ.

ಮಾತ್ರೆಗೆ ಬಗ್ಗದ ಟಿಬಿಯವರದು ಬೇರೆ ಔಷಧಿ, ಬೇರೆ ಕೇಂದ್ರ. ಮುಂಬೈಯಲ್ಲಿ ಇಂಥವರು ಕಡಿಮೆಯೇನಿಲ್ಲ, ಶಿವಡಿಯ ಟಿಬಿ ಆಸ್ಪತ್ರೆಗೆ ಹೋಗುವವರಲ್ಲಿ ನಮ್ಮವರೂ ಇದ್ದಾರೆ. ಅಲ್ಲಿ ನಿಗಾ ಬೇಕಾದದ್ದು ಲಿನೆಝೋಲಿಡ್ ಮೇಲೆ, ದಿನಕ್ಕೆ 600 ಮಿಲಿಗ್ರಾಂ. ಮಾಮೂಲಿ ಸೋಂಕುಗಳಿಗೆ ಅದನ್ನು 28 ದಿನ ಮೀರಿ ಕೊಡುವುದಿಲ್ಲ, ಟಿಬಿಯಲ್ಲಿ ತಿಂಗಳುಗಟ್ಟಲೆ ಬೇಕಾಗುತ್ತದೆ. ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾವನ್ನು ಅದು ಬಾಧಿಸುವುದರಿಂದ ದೃಷ್ಟಿನರ ಸೊರಗುತ್ತದೆ. ಲಕ್ಷಣ ಇಥಾಂಬ್ಯುಟಾಲ್‌ನದೇ. ಜೊತೆಗೆ ಪಾದ ಜೋಮು, ಉರಿ ಇರಬಹುದು, ರಕ್ತ ಕಡಿಮೆಯಾಗಬಹುದು. ಪಾದ ಉರಿಯ ದೂರು ಬಂದಾಗಲೆಲ್ಲ ಕಣ್ಣನ್ನೂ ನೋಡಿಸಿ. ಬೇಗ ನಿಲ್ಲಿಸಿದರೆ ಕಣ್ಣು ಚೇತರಿಸಿಕೊಳ್ಳುವ ಸಾಧ್ಯತೆ ಇಥಾಂಬ್ಯುಟಾಲ್‌ಗಿಂತ ಇದರಲ್ಲಿ ಹೆಚ್ಚು.

ರಿಫಾಂಪಿಸಿನ್‌ನಿಂದ ಕಣ್ಣೀರು, ಮೂತ್ರ ಕಿತ್ತಳೆ ಬಣ್ಣವಾಗುವುದಕ್ಕೆ ಹೆದರಬೇಕಿಲ್ಲ. ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸ್ ಮಾತ್ರ ಕಲೆಯಾಗಿ ಹಾಳಾಗುತ್ತದೆ, ಆ ತಿಂಗಳುಗಳಲ್ಲಿ ಕನ್ನಡಕ ಬಳಸಿ. ಕಣ್ಣು ಕೆಂಪಾಗಿ ನೋಯುವುದು, ತಲೆನೋವಿನ ಜೊತೆ ಎರಡೆರಡಾಗಿ ಕಾಣುವುದು ಟಿಬಿಯೇ ಕಣ್ಣಿಗೋ ಮಿದುಳಿಗೋ ಇಳಿದ ಸೂಚನೆ ಇರಬಹುದು. ಅದಕ್ಕೆ ಒಪಿಡಿಯ ದಿನ ಕಾಯದೆ ನೇರ ಕ್ಯಾಶುವಾಲಿಟಿಗೆ ಹೋಗಬೇಕು.

ಮಕ್ಕಳ ಮಾತ್ರೆಯಲ್ಲಿ ಇಥಾಂಬ್ಯುಟಾಲ್ 100 ಮಿಲಿಗ್ರಾಮಿನ ಬೇರೆ ಮಾತ್ರೆಯಾಗಿ ಬರುತ್ತದೆ. ಐದಾರು ವರ್ಷದೊಳಗಿನ ಮಗುವಿಗೆ ಹೇಳಿಕೊಳ್ಳಲು ಬಾರದು. ಟಿವಿಗೆ ತೀರಾ ಹತ್ತಿರ ಹೋಗುವುದು, ತಟ್ಟೆಯ ಅನ್ನ ತಡಕುವುದು, ದೂರದಿಂದ ಅಮ್ಮನನ್ನು ಗುರುತಿಸದಿರುವುದು ಕಂಡರೆ ಕೂಡಲೇ ತೋರಿಸಿ.

ಕೊನೆಯದಾಗಿ ಊರಿಗೆ ಹೋಗುವವರ ವಿಷಯ. ಮಳೆಗಾಲಕ್ಕೋ ಜಾತ್ರೆಗೋ ಮದುವೆಗೋ ನಡು ಚಿಕಿತ್ಸೆಯಲ್ಲಿ ಹೊರಟವರ ಹೆಸರನ್ನು ಸರ್ಕಾರದ ಟಿಬಿ ರೋಗಿಗಳ ಆನ್‌ಲೈನ್ ದಾಖಲೆಯಾದ ನಿಕ್ಷಯ್ ಪೋರ್ಟಲಿನಲ್ಲಿ ಇಲ್ಲಿಂದ ಅಲ್ಲಿಗೆ ವರ್ಗಾಯಿಸುತ್ತಾರೆ, ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಾತ್ರೆ ಸಿಗುತ್ತದೆ. ಆದರೆ ಅಲ್ಲಿ ಕೈಗೆ ಬರುವುದು ಮಾಮೂಲಿ ಮೂರು ಔಷಧಿಯ ಮಾತ್ರೆ, ಅದರಲ್ಲಿ ಮತ್ತೆ ಇಥಾಂಬ್ಯುಟಾಲ್ ಇದೆ. ಕಣ್ಣಿಗಾಗಿ ಅದನ್ನು ನಿಲ್ಲಿಸಿದವರು, "ಇಥಾಂಬ್ಯುಟಾಲ್ ಕೊಡಬಾರದು, ದೃಷ್ಟಿನರಕ್ಕೆ ತೊಂದರೆಯಾಗಿದೆ" ಎಂಬ ಒಂದು ಸಾಲನ್ನು ಇಲ್ಲಿನ ವೈದ್ಯರಿಂದ ಟಿಬಿ ಕಾರ್ಡಿನ ಮೇಲೆಯೇ, ಸಹಿ ಮತ್ತು ಮೊಹರಿನೊಂದಿಗೆ, ಬರೆಸಿಕೊಂಡು ಹೊರಡಿ. ಊರಿನ ಕೇಂದ್ರದಲ್ಲಿ ಮಾತ್ರೆಯ ಹಾಳೆ ಕೈಗೆ ಬಂದಾಗ ಹಿಂಬದಿಯಲ್ಲಿ ಅಚ್ಚಾದ ಹೆಸರುಗಳನ್ನು ಓದಬಲ್ಲವರೊಬ್ಬರಿಂದ ಓದಿಸಿ, ಆಮೇಲೆ ನುಂಗಿ.